ಲ್ಯಾಬಿನ ಮೊದಲ ಪಾಠ ಟರ್ಮಿನಲ್‌ನಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ನಾನು ಪದವಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಮೊದಲ ಸೆಮಿಸ್ಟರಿನ ಮಕ್ಕಳ ಕೈಗೆ ಪ್ರೋಗ್ರಾಮ್ ಕೊಡುವ ಮುಂಚೆ, ಕಮಾಂಡ್ ಲೈನಿನಲ್ಲಿ, ಅಂದರೆ ಮೌಸ್ ಬಿಟ್ಟು ಕಮಾಂಡ್‌ಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ, ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋಗಿ ಬರುವುದನ್ನು ಕಲಿಸಿ ಎಂದು ಕೇಳಿಕೊಳ್ಳಲು ಈ ಪತ್ರ.

ಈಗಿನ ಮಕ್ಕಳಲ್ಲಿ ಜಾಸ್ತಿ ಜನ ಮೊಬೈಲ್ ಹಿಡಿದು ಬೆಳೆದವರು. ಅಲ್ಲಿ ಫೋಟೊ ಗ್ಯಾಲರಿಯಲ್ಲಿ ಸಿಗುತ್ತದೆ, ನೋಟ್ಸ್ ವಾಟ್ಸಾಪ್‌ನಲ್ಲಿ ಸಿಗುತ್ತದೆ. ಯಾವ ಫೋಲ್ಡರ್ ಎಂದು ಯಾರೂ ಕೇಳುವುದಿಲ್ಲ. ಲ್ಯಾಬಿಗೆ ಬಂದು ಪೈಥಾನ್ ಪ್ರೋಗ್ರಾಮ್ ಸೇವ್ ಮಾಡುತ್ತಾರೆ, ರನ್ ಮಾಡುತ್ತಾರೆ. ಅಂಥ ಫೈಲೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಹುಡುಗಿ ಗಾಬರಿಯಾಗಿ, ಸರಿ ಇದ್ದ ಪ್ರೋಗ್ರಾಮನ್ನೇ ಅಳಿಸಿ ಮತ್ತೆ ಟೈಪ್ ಮಾಡಲು ಕೂರುತ್ತಾಳೆ. ನೋಡಿದರೆ ಸಂಕಟವಾಗುತ್ತದೆ. ಫೈಲ್ ಡೌನ್‌ಲೋಡ್ಸ್‌ನಲ್ಲಿದೆ, ಟರ್ಮಿನಲ್ ಹೋಮ್‌ನಲ್ಲಿದೆ, ಅಂದರೆ ಲಾಗಿನ್ ಆದವರ ಸ್ವಂತ ಫೋಲ್ಡರಿನಲ್ಲಿದೆ. ಆಗಿರುವುದು ಇಷ್ಟೇ.

ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ ಲಿನಕ್ಸ್‌ನಲ್ಲಿ ಇದಕ್ಕೆ ಬೇಕಾದ ಕಮಾಂಡ್‌ಗಳು ಮೂರೇ ಮೂರು. ಪಿಡಬ್ಲ್ಯುಡಿ ಹೊಡೆದರೆ ಈಗ ಎಲ್ಲಿದ್ದೇವೆ ಎಂದು ಗೊತ್ತಾಗುತ್ತದೆ. ಎಲ್‌ಎಸ್ ಹೊಡೆದರೆ ಒಳಗೆ ಏನೇನಿದೆ ಎಂದು ಕಾಣುತ್ತದೆ. ಸಿಡಿ ಬರೆದು, ಜಾಗ ಬಿಟ್ಟು ಫೋಲ್ಡರಿನ ಹೆಸರು ಕೊಟ್ಟರೆ ಅದರೊಳಗೆ ಹೋಗುತ್ತೇವೆ. ಹೆಸರಿನ ಬದಲು ಎರಡು ಚುಕ್ಕಿ ಇಟ್ಟರೆ ಅದರ ಹೊರಗಿನ ಫೋಲ್ಡರಿಗೆ ಬರುತ್ತೇವೆ. ಬರೀ ಸಿಡಿ ಹೊಡೆದರೆ ಸೀದಾ ಹೋಮ್. ಹೆಸರಿನ ಎರಡು ಮೂರು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಕಂಪ್ಯೂಟರೇ ತುಂಬುತ್ತದೆ. ತುಂಬಲಿಲ್ಲ ಅಂದರೆ ಎಷ್ಟೋ ಸಲ ಆ ಹೆಸರಿನದು ಅಲ್ಲಿ ಇರುವುದೇ ಇಲ್ಲ. ಎಂಟರ್ ಒತ್ತುವ ಮೊದಲೇ ತಿಳಿಯಿತು, ಅಲ್ವಾ?

ಮಕ್ಕಳು ಎಡವುವ ಜಾಗಗಳನ್ನೂ ಹೇಳಿಕೊಡಬೇಕು. ಲಿನಕ್ಸ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆಯಾದರೆ ಫೋಲ್ಡರೇ ಬೇರೆ. ಹೆಸರಿನ ನಡುವೆ ಜಾಗ ಇದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಲಿನಕ್ಸ್‌ನದೇ ಒಂದು ಬಗೆಯಾದ ಉಬುಂಟುವಿನಲ್ಲಿ ಪೆನ್‌ಡ್ರೈವ್ ಹಾಕಿ, ವಿಂಡೋಸ್‌ನಲ್ಲಿ ಹುಡುಕುವಂತೆ ಇ ಡ್ರೈವ್ ಹುಡುಕುತ್ತಾರೆ, ಅದು ಮೀಡಿಯಾ ಫೋಲ್ಡರಿನೊಳಗೆ ಕೂತಿರುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಡಿ ಡ್ರೈವ್‌ಗೆ ಹೋಗಲು ಸುಮ್ನೆ ಸಿಡಿ ಹೊಡೆದರೆ ಸಾಲದು, ಡಿ ಬರೆದು ಪಕ್ಕದಲ್ಲಿ ಕೋಲನ್ ಹಾಕಬೇಕು. ಫೋಲ್ಡರ್ ಹೆಸರುಗಳ ನಡುವೆ ಹಾಕುವ ಗೆರೆಯೂ ಅಲ್ಲಿ ಉಲ್ಟಾ ಓರೆ. ಯಾಕೆಂದರೆ ವಿಂಡೋಸ್‌ಗೂ ಮುಂಚಿನ ಎಂಎಸ್ ಡಾಸ್‌ನ 1983ರ ಆವೃತ್ತಿ 2.0ರಲ್ಲಿ ಫೋಲ್ಡರ್‌ಗಳು ಬರುವ ಹೊತ್ತಿಗೆ ಮುಂದಕ್ಕೆ ವಾಲುವ ಗೆರೆ ಕಮಾಂಡಿನ ಆಯ್ಕೆಗಳಿಗೆ ಬಳಕೆಯಾಗಿಬಿಟ್ಟಿತ್ತು. ಈ ಕಾರಣ ಹೇಳಿದ ಮೇಲೆ ನನ್ನ ಲ್ಯಾಬಿನಲ್ಲಿ ಆ ತಪ್ಪು ಕಡಿಮೆಯಾಗಿದೆ.

ಇದೆಲ್ಲ ಹಳೇ ಕಾಲದ್ದು, ಮೌಸ್ ಇದೆಯಲ್ಲ ಎನ್ನುವವರಿದ್ದಾರೆ. 1969ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ಶುರು ಮಾಡಿದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ದಾರಿಯಲ್ಲೇ ಇವತ್ತಿನ ಲಿನಕ್ಸ್, ಮ್ಯಾಕ್ ಎರಡೂ ನಡೆಯುತ್ತಿವೆ. ನಾಳೆ ಈ ಮಕ್ಕಳು ಕೆಲಸಕ್ಕೆ ಸೇರಿ ಎಲ್ಲೋ ದೂರದ ಸರ್ವರಿಗೆ ಲಾಗಿನ್ ಆದಾಗ ಕಣ್ಣೆದುರು ಇರುವುದು ಬಹುತೇಕ ಟರ್ಮಿನಲ್ ಮಾತ್ರ. ದೃಷ್ಟಿ ಇಲ್ಲದ ವಿದ್ಯಾರ್ಥಿಗಳ ವಿಷಯವನ್ನೂ ಯೋಚಿಸಿ. ಅವರಿಗೆ ಐಕಾನ್ ಹುಡುಕುವುದು ಕಷ್ಟ. ಟರ್ಮಿನಲ್‌ನ ಅಕ್ಷರಗಳನ್ನಾದರೆ ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ.

ಪಠ್ಯ ಸಮಿತಿಯವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಲ್ಯಾಬ್ ಮ್ಯಾನ್ಯುಯಲ್‌ನ ಮೊದಲ ಪ್ರಯೋಗ ಇದೇ ಆಗಲಿ: ನಿಮ್ಮ ಹೆಸರಿನ ಫೋಲ್ಡರ್ ಮಾಡಿ, ಅದರೊಳಗೆ ಹೋಗಿ, ಅದರ ಪೂರ್ತಿ ಪಾತ್ (ಯಾವ ಯಾವ ಫೋಲ್ಡರಿನೊಳಗೆ ಇದೆ ಎಂಬ ದಾರಿ) ತೋರಿಸಿ, ಅಲ್ಲಿಂದ ಡೆಸ್ಕ್‌ಟಾಪಿಗೆ ಬನ್ನಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲೂ ಇದಕ್ಕೆ ಅಂಕ ಇರಲಿ. ಅಂಕ ಇಲ್ಲದ್ದನ್ನು ಕಲಿಸಲು ನಮಗೆ ಲ್ಯಾಬಿನ ಸಮಯ ಸಿಗುವುದಿಲ್ಲ.

– ಒಬ್ಬ ಲ್ಯಾಬ್ ಬೋಧಕಿ, ತಿಪಟೂರು