‘ಉಳಿಸಲಾಗಿದೆ’ ಎಂದ ಮೇಲೆ ಉಳಿದಿರಲೇಬೇಕು

ಮಾನ್ಯ ಸಂಪಾದಕರೇ,

ನಮ್ಮ ಶಿರಸಿ ಸೀಮೆಯ ಯುವಕ ಯುವತಿಯರು ಸಹಕಾರಿ ಸಂಘಗಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಂತ್ರಾಂಶ ಬರೆದುಕೊಡುತ್ತಿರುವುದು ಸಂತೋಷದ ಸಂಗತಿ. ಅವರಿಗೂ, ಅವರಿಂದ ಕೆಲಸ ಮಾಡಿಸಿಕೊಳ್ಳುವ ಆಡಳಿತ ಮಂಡಳಿಗಳಿಗೂ ಒಂದು ವಿಷಯ ತಿಳಿಸಬೇಕಾಗಿದೆ.

ಕಳೆದ ಹಂಗಾಮಿನಲ್ಲಿ ಬೆಳೆಗಾರರೊಬ್ಬರು ಸಂಘವೊಂದಕ್ಕೆ ಮೂರು ಚೀಲ ಚಾಲಿ ಅಡಿಕೆ ತಂದು ತೂಗಿಸಿದರು. ಪರದೆಯಲ್ಲಿ ‘ಉಳಿಸಲಾಗಿದೆ’ ಎಂದು ಬಂತು, ಕೈಗೆ ರಸೀದಿಯೂ ಸಿಕ್ಕಿತು. ಹಣ ಪಡೆಯಲು ಹೋದ ದಿನ ಆ ಮೂರು ಚೀಲಗಳ ಲೆಕ್ಕವೇ ಇಲ್ಲ. ಅದೇ ರಸೀದಿ ಸಂಖ್ಯೆಯಲ್ಲಿ ಬೇರೊಬ್ಬರ ಬೆಟ್ಟೆ ಅಡಿಕೆ ದಾಖಲಾಗಿತ್ತು. ಕಾರಣ ಹುಡುಕಲು ನನ್ನನ್ನು ಕರೆದರು. ಕೊನೆಯ ಸಂಖ್ಯೆಗೆ ಒಂದು ಕೂಡಿಸಿ ಹೊಸ ಸಂಖ್ಯೆ ಕೊಡುವ ಪದ್ಧತಿಯಿಂದಾಗಿ ಎರಡು ಕೌಂಟರುಗಳಿಗೆ ಒಂದೇ ಕ್ಷಣದಲ್ಲಿ ಒಂದೇ ಸಂಖ್ಯೆ ಸಿಕ್ಕಿತ್ತು. ದಾಖಲೆಗಳನ್ನು ಇಡುವ ಡೇಟಾಬೇಸ್, ಒಂದು ಸಂಖ್ಯೆ ಒಮ್ಮೆ ಮಾತ್ರ ಬರಬೇಕೆಂಬ ತನ್ನ ಯುನೀಕ್ ನಿರ್ಬಂಧದಂತೆ ಎರಡನೆಯದನ್ನು ತಡೆದು ‘ಇಂಟೆಗ್ರಿಟಿ ಎರರ್’ (ದಾಖಲೆಯ ನಿಯಮ ಮುರಿದ ದೋಷ) ಎಂದು ಎಚ್ಚರಿಸಿತ್ತು. ತಂತ್ರಾಂಶದಲ್ಲಿ ದೋಷ ಬಂದಾಗ ಏನು ಮಾಡಬೇಕೆಂದು ಹೇಳುವ ‘ಎಕ್ಸೆಪ್ಟ್’ನ ಕೆಳಗೆ ‘ಪಾಸ್’ (ಏನೂ ಮಾಡಬೇಡ) ಎಂದಷ್ಟೇ ಬರೆದಿದ್ದರಿಂದ ಆ ಎಚ್ಚರಿಕೆ ಯಾರಿಗೂ ಕಾಣಲಿಲ್ಲ.

ಹಾಗೆ ಬರೆದುದಕ್ಕೂ ಕಾರಣವಿತ್ತು. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಗುಮಾಸ್ತರು ಉಳಿಸುವ ಗುಂಡಿಯನ್ನು ಎರಡೆರಡು ಸಲ ಒತ್ತುತ್ತಾರೆ, ಎರಡನೆಯ ಸಲ ಇದೇ ದೋಷ ಬರುತ್ತದೆ, ಅದನ್ನು ಕಡೆಗಣಿಸಿದರೆ ನಷ್ಟವಿಲ್ಲ. ಆದರೆ ಒಂದೇ ತೂಕ ಎರಡು ಸಲ ಬರುವುದು ಬೇರೆ, ಇಬ್ಬರ ತೂಕಕ್ಕೆ ಒಂದೇ ಸಂಖ್ಯೆ ಬೀಳುವುದು ಬೇರೆ. ಖಾತೆ ಸಂಖ್ಯೆ ಖಾಲಿಯಿದ್ದರೂ, ಇಲ್ಲದ ಖಾತೆಗೆ ಜಮಾ ಮಾಡಹೊರಟರೂ ಪೈಥಾನ್ ‘ಇಂಟೆಗ್ರಿಟಿ ಎರರ್’ ಎಂದೇ ಹೇಳುತ್ತದೆ. ಆದ್ದರಿಂದ ದೋಷದ ಸಂಕೇತವನ್ನು ನೋಡಬೇಕು: ನಕಲು ದಾಖಲೆಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ 23505, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ 1062. ಅದನ್ನು ಮಾತ್ರ ಹಿಡಿದು, ಮೊದಲು ರೋಲ್‌ಬ್ಯಾಕ್ ಮಾಡಿ (ಅರ್ಧಕ್ಕೆ ನಿಂತ ಬದಲಾವಣೆಯನ್ನು ರದ್ದುಗೊಳಿಸಿ), ಈಗಾಗಲೇ ಇರುವ ದಾಖಲೆಯ ಸಾಲನ್ನು ಓದಿ ಹೋಲಿಸಬೇಕು. ವಿವರ ಒಂದೇ ಆಗಿದ್ದರೆ ಸುಮ್ಮನಿರಬಹುದು, ಬೇರೆಯಾಗಿದ್ದರೆ ಹೊಸ ಸಂಖ್ಯೆ ಪಡೆದು ಮತ್ತೆ ಉಳಿಸಬೇಕು. ‘ಈ ಸಂಖ್ಯೆ ಇದೆಯೇ’ ಎಂದು ಮೊದಲೇ ಕೇಳಿ ನಂತರ ಸೇರಿಸಿದರೆ ಸಾಲದು, ಏಕೆಂದರೆ ಆ ನಡುವೆಯೇ ಪಕ್ಕದ ಕೌಂಟರು ಸೇರಿಸಿರಬಹುದು. ಪೋಸ್ಟ್‌ಗ್ರೆಸ್ 9.5ರಿಂದ, ಅಂದರೆ 2016ರಿಂದ ಇರುವ ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ (ನಕಲು ಬಂದರೆ ದೋಷ ತೋರಿಸದೆ ಬಿಟ್ಟುಬಿಡು ಎನ್ನುವ ಆದೇಶ) ಒಳ್ಳೆಯ ಸೌಲಭ್ಯವೇ; ಆದರೆ ಅದನ್ನು ರಸೀದಿ ಸಂಖ್ಯೆಯ ಮೇಲೆ ಹಾಕಿದರೆ ಮೇಲಿನ ಅನಾಹುತವೇ ಮರುಕಳಿಸುತ್ತದೆ.

ಹೆಸರು ಮತ್ತು ಊರಿನ ಮೇಲೆ ಯುನೀಕ್ ನಿರ್ಬಂಧ ಹಾಕುವುದಂತೂ ನಮ್ಮಲ್ಲಿ ಸಲ್ಲದು. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು ಹೆಗಡೆಯವರಿರುತ್ತಾರೆ, ಮೂವರೂ ಸದಸ್ಯರೇ.

ತಂತ್ರಾಂಶವನ್ನು ಒಪ್ಪಿಕೊಳ್ಳುವ ಮುನ್ನ ಆಡಳಿತ ಮಂಡಳಿಯವರು ಎರಡು ಕೌಂಟರುಗಳಲ್ಲಿ ಬೇರೆ ಬೇರೆ ತೂಕಗಳನ್ನು ಒಂದೇ ರಸೀದಿ ಸಂಖ್ಯೆಯಲ್ಲಿ ತಮ್ಮೆದುರೇ ಉಳಿಸಲು ಹೇಳಿ, ಎರಡೂ ತೂಕಗಳು ಬೇರೆ ಬೇರೆ ಸಂಖ್ಯೆಯಲ್ಲಿ ಡೇಟಾಬೇಸಿನಲ್ಲಿ ಸೇರಿವೆಯೇ ಎಂದು ಖುದ್ದಾಗಿ ನೋಡಬೇಕೆಂದು ವಿನಂತಿಸುತ್ತೇನೆ.

ಇತಿ,
ತಂತ್ರಾಂಶ ಕೆಲಸಗಾರ, ಶಿರಸಿ