ಒಪ್ಪಿಗೆ ಬೇರೆ, ಒಪ್ಪಂದ ಬೇರೆ

ಪ್ರೀತಿಯ ಮಗಳೇ,

ನೀನು ಕಳಿಸಿದ ಬಾಡಿಗೆ ಪತ್ರದ ಕರಡನ್ನು ನಿಧಾನವಾಗಿ ಓದಿದೆ. ಕನ್ನಡದಲ್ಲೇ ಬರೆಯುತ್ತೇನೆ ಅಂತ ಹಟ ಹಿಡಿದೆಯಲ್ಲ, ಅದು ನನಗೆ ತುಂಬಾ ಹಿಡಿಸಿತು. ಆದರೆ ಒಂದೇ ಪುಟದಲ್ಲಿ ಒಪ್ಪಿಗೆ, ಒಪ್ಪಂದ, ಕರಾರು ಮೂರನ್ನೂ ಮನಸ್ಸಿಗೆ ಬಂದ ಹಾಗೆ ಬಳಸಿದ್ದೀಯ. ಸಹಿ ಹಾಕುವವರು ನಿನ್ನ ಮಾತನ್ನು ನಂಬಿ ಹಾಕುತ್ತಾರೆ, ಅಲ್ವಾ?

ಒಪ್ಪಿಗೆಯನ್ನು ಒಬ್ಬರೇ ಕೊಡಬಹುದು. ಆಪರೇಷನ್‌ಗೆ ಮುಂಚೆ ರೋಗಿ ಕೊಡುವುದು ಒಪ್ಪಿಗೆ. ಒಪ್ಪಂದವನ್ನು ಇಬ್ಬರು ಸೇರಿ ಮಾಡಿಕೊಳ್ಳಬೇಕು. 'ಬಾಡಿಗೆದಾರರ ಒಪ್ಪಂದ ಪಡೆಯಲಾಗಿದೆ' ಅಂತ ಬರೆದಿದ್ದೀಯ. ಅಲ್ಲಿ ಬೇಕಿದ್ದದ್ದು ಒಪ್ಪಿಗೆ. ಕರಾರು ಅರಬ್ಬಿ ಮೂಲದ ಪದ, ಜನರ ಬಾಯಲ್ಲಿ ಚೆನ್ನಾಗಿ ಕೂತಿದೆ. ಧಾರಾಳವಾಗಿ ಬಳಸು. ಆದರೆ ಒಂದು ಪತ್ರಕ್ಕೆ ಒಂದೇ ಪದ ಸಾಕು. ರಾಜಿ ಅನ್ನುವುದು ಜಗಳ ಇದ್ದಲ್ಲಿ ಮಾತ್ರ.

ಕ್ರಿಯಾಪದದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. 'ಷರತ್ತಿಗೆ ಒಪ್ಪಿದರು' ಅಂದರೆ ಮುಂದೆ ನಡೆದುಕೊಳ್ಳುತ್ತೇವೆ ಅಂದ ಹಾಗೆ. 'ಸಾಲವನ್ನು ಒಪ್ಪಿಕೊಂಡರು' ಅಂದರೆ ಸಾಲ ಇರುವುದು ನಿಜ ಅಂದ ಹಾಗೆ. 'ಅವರನ್ನು ಒಪ್ಪಿಸಿದರು' ಅನ್ನುವುದಂತೂ ಪತ್ರದಲ್ಲಿ ಬೇಡವೇ ಬೇಡ. ಮನವೊಲಿಸಿದರೋ, ಯಾರ ಕೈಗಾದರೂ ಕೊಟ್ಟರೋ, ಓದುವವರಿಗೆ ತಿಳಿಯುವುದಿಲ್ಲ.

ಇನ್ನೊಂದು ವಿಷಯ, ನನಗೆ ಬಹಳ ಇಷ್ಟವಾದದ್ದು. ಹಿಂದೆ ಸಹಿಗೂ 'ಒಪ್ಪ' ಅಂತಲೇ ಹೆಸರಿತ್ತು. ವಿಜಯನಗರದ ಅರಸರ ಎಷ್ಟೋ ಶಾಸನಗಳ ಕೊನೆಯಲ್ಲಿ ಕನ್ನಡ ಲಿಪಿಯಲ್ಲಿ 'ಶ್ರೀ ವಿರೂಪಾಕ್ಷ' ಅಂತ ಇರುತ್ತದೆ. ಅದು ಅರಸರ ಒಪ್ಪ. 'ಈ ಬಣ್ಣ ನಿನಗೆ ಒಪ್ಪುತ್ತದೆ' ಅನ್ನುವಾಗಲೂ ಅದೇ ಒಪ್ಪು. ಹೊಂದಿಕೊಳ್ಳುವುದಕ್ಕೂ ಹೂಂ ಅನ್ನುವುದಕ್ಕೂ ನಮ್ಮ ಭಾಷೆ ಒಂದೇ ಮಾತು ಇಟ್ಟುಕೊಂಡಿದೆ.

ಆದರೆ ಎಲ್ಲ ಹೂಂ ಒಪ್ಪಿಗೆಯಲ್ಲ. ಎಷ್ಟೋ ಜನ 'ಹೂಂ', 'ಆಯ್ತು' ಅನ್ನುವುದು ಕೇಳಿಸಿಕೊಂಡೆ ಅನ್ನುವುದಕ್ಕೆ. ಎದುರಿಗೆ ದೊಡ್ಡವರಿದ್ದರೆ ಸುಮ್ನೆ ತಲೆಯಾಡಿಸುವವರೂ ಇದ್ದಾರೆ. 1872ರ ಭಾರತೀಯ ಕರಾರು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಒಂದೇ ವಿಷಯಕ್ಕೆ, ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ಬಲವಂತದಿಂದಲೋ ಮೋಸದಿಂದಲೋ ಪಡೆದದ್ದು ಸ್ವತಂತ್ರ ಸಮ್ಮತಿಯಲ್ಲ ಅಂತ 14ನೇ ಸೆಕ್ಷನ್ ಹೇಳುತ್ತದೆ. ಅದಕ್ಕೇ ಹೇಳುತ್ತಿದ್ದೇನೆ. ಪತ್ರವನ್ನು ಜೋರಾಗಿ ಓದಿ ಹೇಳು. ಆಮೇಲೆ 'ಅರ್ಥವಾಯಿತಾ' ಅಂತ ಕೇಳಬೇಡ, ಯಾರಾದರೂ ಹೌದು ಅಂದುಬಿಡುತ್ತಾರೆ. 'ಮುಂಗಡ ಯಾವಾಗ ವಾಪಸ್ ಬರುತ್ತದೆ, ನೀವೇ ಹೇಳಿ' ಅನ್ನು. ಅವರು ಹೇಳಿದ್ದು ಪತ್ರದ ಜೊತೆ ತಾಳೆಯಾಗದಿದ್ದರೆ ಅವತ್ತು ಸಹಿ ಬೇಡ.

ಮುಂಗಡದ ಕಲಮನ್ನು ಮೊದಲು ತಿದ್ದು. ಅಲ್ಲಿ ಯಾರು ಯಾವುದಕ್ಕೆ ಒಪ್ಪಿದರು ಅನ್ನುವುದೇ ಇಲ್ಲ.

ನಿನ್ನ ದೊಡ್ಡಪ್ಪ