1947ರಲ್ಲಿ ಡಾಲರ್‌ಗೆ ಒಂದು ರೂಪಾಯಿ ಇರಲಿಲ್ಲ

ಮಾನ್ಯ ಸಂಪಾದಕರೇ,

ರೂಪಾಯಿ ಕುಸಿದ ಸುದ್ದಿ ಬಂದಾಗಲೆಲ್ಲ ‘ಸ್ವಾತಂತ್ರ್ಯ ಬಂದಾಗ ಒಂದು ಡಾಲರ್‌ಗೆ ಒಂದೇ ರೂಪಾಯಿ ಇತ್ತು’ ಎಂಬ ಮಾತು ಭಾಷಣಗಳಲ್ಲಿಯೂ ಲೇಖನಗಳಲ್ಲಿಯೂ ಮತ್ತೆ ಕಾಣಿಸಿಕೊಳ್ಳುತ್ತದೆ. ಈ ಮಾತು ಸುಳ್ಳು. ಓದುಗರು ನಂಬಿಕೊಂಡು ಮಕ್ಕಳಿಗೂ ಹೇಳಿಕೊಡುವ ಸಂಗತಿಯಾದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಆಗ ರೂಪಾಯಿಯನ್ನು ಬ್ರಿಟನ್ನಿನ ಪೌಂಡ್‌ಗೆ ಕಟ್ಟಲಾಗಿತ್ತು. 1927ರ ಕಾಯ್ದೆಯ ಪ್ರಕಾರ ಒಂದು ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್, ಅಂದರೆ 18 ಪೆನ್ಸ್. ಪೌಂಡ್‌ಗೆ 240 ಪೆನ್ಸ್ ಇದ್ದುದರಿಂದ ಒಂದು ಪೌಂಡ್‌ಗೆ 13 ರೂಪಾಯಿ 5 ಆಣೆ 4 ಪೈ, ಅಂದರೆ ಈಗಿನ ಲೆಕ್ಕದಲ್ಲಿ 13.33 ರೂಪಾಯಿ ಆಗುತ್ತಿತ್ತು. ಅದೇ ಪೌಂಡ್‌ಗೆ 4.03 ಡಾಲರ್ ಇತ್ತು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಒಂದು ಡಾಲರ್‌ಗೆ ಸುಮಾರು 3 ರೂಪಾಯಿ 31 ಪೈಸೆ ಬರುತ್ತದೆ. ಅಂತರರಾಷ್ಟ್ರೀಯ ಹಣಕಾಸು ನಿಧಿ 1946ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಧಿಕೃತ ಮೌಲ್ಯವೂ ರೂಪಾಯಿಗೆ 30.225 ಸೆಂಟ್ ಎಂದೇ ಇತ್ತು.

‘ಆಗ ದೇಶದ ಮೇಲೆ ವಿದೇಶಿ ಸಾಲ ಇರಲಿಲ್ಲ, ಆದ್ದರಿಂದ ರೂಪಾಯಿ ಡಾಲರ್‌ಗೆ ಸಮನಾಗಿತ್ತು’ ಎಂದು ವಾದಿಸುವವರೂ ಇದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಿಂದ ಪಡೆದ ಸರಕು ಮತ್ತು ಸೇವೆಗಳಿಗಾಗಿ ಬ್ರಿಟನ್ನೇ ನಮಗೆ ನೂರು ಕೋಟಿ ಪೌಂಡ್‌ಗೂ ಹೆಚ್ಚು ಬಾಕಿ ಉಳಿಸಿಕೊಂಡಿತ್ತು ಎಂಬುದು ನಿಜ. ಆದರೆ ಸಾಲ ಕೊಟ್ಟ ದೇಶದ ನಾಣ್ಯ ಡಾಲರ್‌ಗೆ ಸಮನಾಗಿಯೇ ಇರಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಜಪಾನ್ 1949ರಿಂದ 1971ರವರೆಗೆ ಡಾಲರ್‌ಗೆ 360 ಯೆನ್ ದರದಲ್ಲಿಯೇ ಇದ್ದುಕೊಂಡು ಜಗತ್ತಿನ ದೊಡ್ಡ ಕೈಗಾರಿಕಾ ರಾಷ್ಟ್ರಗಳಲ್ಲಿ ಒಂದಾಯಿತು.

ದುಬಾರಿ ರೂಪಾಯಿಯೇ ದೇಶದ ಹಿರಿಮೆ ಎಂಬ ಭಾವನೆಯೂ ನಮ್ಮ ಇತಿಹಾಸಕ್ಕೆ ಹೊಂದುವುದಿಲ್ಲ. 1870ರ ದಶಕದ ಆರಂಭದಲ್ಲಿ ಸುಮಾರು ಎರಡು ಶಿಲಿಂಗ್ ಬೆಲೆಯಿದ್ದ ಬೆಳ್ಳಿಯ ರೂಪಾಯಿ, ಜಗತ್ತಿನಲ್ಲಿ ಬೆಳ್ಳಿ ಅಗ್ಗವಾಗುತ್ತಾ ಹೋದಂತೆ ತಾನೂ ಇಳಿಯಿತು. ಲಂಡನ್ನಿಗೆ ಪೌಂಡ್‌ನಲ್ಲಿ ಕಟ್ಟಬೇಕಾಗಿದ್ದ ಮೊತ್ತಕ್ಕೆ ಹೆಚ್ಚು ಹೆಚ್ಚು ರೂಪಾಯಿ ತೆರಬೇಕಾಗಿ ಬಂದಾಗ, 1893ರಲ್ಲಿ ವಸಾಹತು ಸರ್ಕಾರ ಬೆಳ್ಳಿ ತಂದವರಿಗೆಲ್ಲ ನಾಣ್ಯ ಅಚ್ಚು ಹಾಕಿಕೊಡುವುದನ್ನು ಟಂಕಸಾಲೆಗಳಲ್ಲಿ ನಿಲ್ಲಿಸಿತು. ಬಳಿಕ ದರ ಒಂದು ಶಿಲಿಂಗ್ ನಾಲ್ಕು ಪೆನ್ಸ್‌ನಲ್ಲಿ, ಅಂದರೆ 16 ಪೆನ್ಸ್‌ನಲ್ಲಿ ನೆಲೆಗೊಂಡಿತು. 1926–27ರಲ್ಲಿ ಅದನ್ನು 18 ಪೆನ್ಸ್‌ಗೆ ನಿಗದಿ ಮಾಡಲು ಸರ್ಕಾರ ಹೊರಟಾಗ ಮುಂಬೈಯ ಗಿರಣಿ ಮಾಲೀಕರೂ ರಾಷ್ಟ್ರೀಯವಾದಿ ನಾಯಕರೂ 16 ಪೆನ್ಸೇ ಇರಲಿ ಎಂದು ಪಟ್ಟು ಹಿಡಿದರು. ರೂಪಾಯಿ ಏರಿದಷ್ಟೂ ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಬಟ್ಟೆ ಇಲ್ಲಿ ಅಗ್ಗವಾಗುತ್ತದೆ, ನಮ್ಮ ಹತ್ತಿ ಬೆಳೆಗಾರನಿಗೆ ಕೈಗೆ ಬರುವ ಹಣ ಕಡಿಮೆಯಾಗುತ್ತದೆ ಎಂಬುದು ಅವರ ವಾದವಾಗಿತ್ತು. ಅಂದು ಅಗ್ಗದ ರೂಪಾಯಿಯ ಪರ ನಿಂತವರು ದೇಶಪ್ರೇಮಿಗಳೇ ಎಂಬುದನ್ನು ನಮ್ಮ ಲೇಖನಗಳು ಏಕೆ ಮರೆಯುತ್ತವೆಯೋ ತಿಳಿಯದು.

ಸ್ವಾತಂತ್ರ್ಯದ ನಂತರದ ಅಂಕಿಗಳನ್ನು ಮುದ್ರಿಸುವಾಗಲೂ ಎಚ್ಚರ ಬೇಕು. 1949ರ ಸೆಪ್ಟೆಂಬರ್‌ನಲ್ಲಿ ಪೌಂಡ್ ಡಾಲರ್ ಎದುರು ಇಳಿದಾಗ ರೂಪಾಯಿಯೂ ಅದರ ಜೊತೆ ಇಳಿದು ಡಾಲರ್ 4.76 ರೂಪಾಯಿ ಆಯಿತು. ಪೌಂಡ್ ಎದುರಿನ ದರ ಮಾತ್ರ ಕದಲಲಿಲ್ಲ. 1966ರ ಜೂನ್ 6ರ ಅಪಮೌಲ್ಯದಲ್ಲಿ ಡಾಲರ್ 7.50 ರೂಪಾಯಿಗೆ ಏರಿತು. ಇದನ್ನು ಒಬ್ಬರು ಶೇ 36.5 ಎಂದು, ಇನ್ನೊಬ್ಬರು ಶೇ 57.5 ಎಂದು ಬರೆಯುತ್ತಾರೆ. ಎರಡೂ ಸರಿಯೇ: ಡಾಲರ್ ಲೆಕ್ಕದಲ್ಲಿ ರೂಪಾಯಿ 21 ಸೆಂಟ್‌ನಿಂದ 13.3 ಸೆಂಟ್‌ಗೆ ಇಳಿದದ್ದು ಮೊದಲಿನದು, ರೂಪಾಯಿ ಲೆಕ್ಕದಲ್ಲಿ ಡಾಲರ್ ದುಬಾರಿಯಾದದ್ದು ಎರಡನೆಯದು. ಯಾವುದರ ಲೆಕ್ಕವೆಂದು ಹೇಳದೆ ಅಂಕಿಯನ್ನಷ್ಟೇ ಕೊಟ್ಟರೆ ಓದುಗನಿಗೆ ಗೊಂದಲವಾಗುತ್ತದೆ. 1991ರ ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ನಡೆದ ಅಪಮೌಲ್ಯದ ಬಳಿಕ, 1992ರ ಮಾರ್ಚ್‌ನಿಂದ ಒಂದು ವರ್ಷ ಅಧಿಕೃತ ದರ ಮತ್ತು ಮಾರುಕಟ್ಟೆ ದರ ಎಂದು ಎರಡು ದರಗಳು ಏಕಕಾಲದಲ್ಲಿ ಚಾಲ್ತಿಯಲ್ಲಿದ್ದವು. ರಫ್ತುದಾರ ತಂದ ಡಾಲರ್‌ಗಳಲ್ಲಿ ಶೇ 40ರಷ್ಟಕ್ಕೆ ಮೊದಲನೆಯದು, ಉಳಿದುದಕ್ಕೆ ಎರಡನೆಯದು ಸಿಗುತ್ತಿತ್ತು. ಹೀಗಿರುವಾಗ ‘1992ರ ಡಾಲರ್ ದರ’ ಎಂದು ಒಂದೇ ಅಂಕಿಯನ್ನು ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ.

ಇನ್ನೊಂದು ಮಾತು. ಅಂದಿನ 3 ರೂಪಾಯಿ 31 ಪೈಸೆಯನ್ನು ಇಂದಿನ ದರದ ಪಕ್ಕದಲ್ಲಿಟ್ಟು ದೇಶ ಇಷ್ಟು ಪಟ್ಟು ಬಡವಾಯಿತು ಎಂದು ತೀರ್ಮಾನಿಸುವುದು ಸಲ್ಲದು. ಎರಡೂ ದೇಶಗಳಲ್ಲಿ ಬೆಲೆಗಳು ಎಷ್ಟೆಷ್ಟು ಏರಿದವು ಎಂಬುದನ್ನು ಜೊತೆಗೆ ನೋಡಬೇಕು. ನಮ್ಮಲ್ಲಿ ಹಣದುಬ್ಬರ ಹೆಚ್ಚಾಗಿದ್ದ ವರ್ಷಗಳಲ್ಲಿ ದರ ಇಳಿಯದೆ ಉಳಿದಿದ್ದರೆ ನಮ್ಮ ಸರಕನ್ನು ಹೊರಗೆ ಕೊಳ್ಳುವವರೇ ಇರುತ್ತಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಹಳೆಯ ವಿನಿಮಯ ದರವನ್ನು ಪ್ರಕಟಿಸುವಾಗ ಅದು ಯಾವ ದಿನದ್ದು ಅಥವಾ ಯಾವ ವರ್ಷದ ಸರಾಸರಿ, ಅಧಿಕೃತವೋ ಮಾರುಕಟ್ಟೆಯದೋ ಎಂಬುದನ್ನು ಅಂಕಿಯ ಪಕ್ಕದಲ್ಲೇ ಮುದ್ರಿಸಬೇಕು, ಒಂದು ಡಾಲರ್‌ಗೆ ಒಂದು ರೂಪಾಯಿ ಇತ್ತು ಎಂಬ ಹೇಳಿಕೆ ಯಾರ ಬಾಯಿಂದ ಬಂದರೂ ವರದಿಯಲ್ಲಿಯೇ ಸರಿಯಾದ ದರವನ್ನು ಸೇರಿಸಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ